ವಾಚಿನ ತಿರುಗುವ ಬಳೆ ಮತ್ತು ನಲವತ್ತು ನಿಮಿಷದ ಪಾಠ

ವರ್ಷದ ಕೊನೆಗೆ ಅಭ್ಯಾಸ ಬೋಧನೆಯ ಅವಲೋಕನ ಪುಸ್ತಕಗಳನ್ನು ತಿರುವಿ ನೋಡಿದರೆ ಒಂದು ವಾಕ್ಯ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ: ‘ಸಮಯ ಪಾಲನೆಯ ಕಡೆ ಗಮನ ಕೊಡಿ.’ ನಾನೂ ಇದನ್ನು ಬಹಳ ಸಲ ಬರೆದಿದ್ದೇನೆ. ಬರೆದು, ಸಹಿ ಹಾಕಿ, ಮುಂದಿನ ಕೊಠಡಿಗೆ ಹೋಗಿದ್ದೇನೆ. ಆದರೆ ಗಮನ ಕೊಡುವುದು ಹೇಗೆ ಎಂದು ಹೇಳಿಕೊಟ್ಟದ್ದು ಕಡಿಮೆ. ಪಾಠ ಮಾಡುತ್ತಲೇ, ಮಕ್ಕಳ ಮುಖ ನೋಡುತ್ತಲೇ, ಕಪ್ಪುಹಲಗೆಯ ಮೇಲೆ ಬರೆಯುತ್ತಲೇ ಸಮಯವನ್ನೂ ಲೆಕ್ಕ ಇಡುವುದು ಹೊಸಬರಿಗೆ ಸುಲಭವಲ್ಲ. ಅದಕ್ಕೆ ಒಂದು ಸಣ್ಣ ಉಪಾಯವಿದೆ. ಅದು ನನಗೆ ತಿಳಿದದ್ದು ಒಬ್ಬ ಪ್ರಶಿಕ್ಷಣಾರ್ಥಿಯ ಕೈಯಲ್ಲಿದ್ದ ವಾಚಿನಿಂದ.

ಭದ್ರಾವತಿಯ ಎರಡು ಪಾಠಗಳು

ಭದ್ರಾವತಿಯ ಒಂದು ಪ್ರೌಢಶಾಲೆಯಲ್ಲಿ ನಮ್ಮ ಪ್ರಶಿಕ್ಷಣಾರ್ಥಿಗಳ ತಂಡವಿತ್ತು. ನಾನು ಶಿವಮೊಗ್ಗದಿಂದ ಬೆಳಗಿನ ಬಸ್ಸಿಗೆ ಹೋಗಿ ಪಾಠ ನೋಡಿ ಬರುತ್ತಿದ್ದೆ. ಅಂದು 8ನೇ ತರಗತಿ ‘ಎ’ ವಿಭಾಗ, ವಿಜ್ಞಾನ, ಪಾಠ ‘ಘರ್ಷಣೆ’. ಅವಧಿ 40 ನಿಮಿಷ. ಪಾಠ ಮಾಡಿದವರು ತಯಾರಿಯಲ್ಲಿ ಎಲ್ಲರಿಗಿಂತ ಮುಂದಿದ್ದವರು. ಮರಳು ಕಾಗದ, ಗಾಜಿನ ತುಂಡು, ಗೋಲಿ, ಸ್ಪ್ರಿಂಗ್ ತಕ್ಕಡಿ ಎಲ್ಲವನ್ನೂ ತಂದಿದ್ದರು. ಮಕ್ಕಳು ಉತ್ಸಾಹದಲ್ಲಿದ್ದರು. ಪೀಠಿಕೆಯ ಪ್ರಶ್ನೆಗಳಿಗೆ ಉತ್ತರ ಬರುತ್ತಲೇ ಇತ್ತು, ಅವರು ಕೇಳುತ್ತಲೇ ಇದ್ದರು. ಪೀಠಿಕೆಗೇ 13 ನಿಮಿಷ ಹೋಯಿತು. ಮೂರನೆಯ ಚಟುವಟಿಕೆ ನಡೆಯುತ್ತಿರುವಾಗ ಗಂಟೆ ಬಾರಿಸಿತು. ಮೌಲ್ಯಮಾಪನದ ಪ್ರಶ್ನೆಗಳು ಪಾಠ ಯೋಜನೆಯ ಹಾಳೆಯಲ್ಲೇ ಉಳಿದವು.

ನಾನು ಹಿಂದಿನ ಬೆಂಚಿನಲ್ಲಿ ಕುಳಿತಿದ್ದೆ. ಪಕ್ಕದ ಹುಡುಗಿಯ ಟಿಪ್ಪಣಿ ಪುಸ್ತಕದಲ್ಲಿ ಅಂದವಾದ ಅಕ್ಷರದಲ್ಲಿ ಒಂದು ವಾಕ್ಯವಿತ್ತು: ‘ನುಣುಪಾದ ನೆಲದಲ್ಲಿ ಘರ್ಷಣೆ ಇರುವುದಿಲ್ಲ, ಆದ್ದರಿಂದ ಜಾರುತ್ತೇವೆ.’ ಘರ್ಷಣೆ ಕಡಿಮೆ ಇರುತ್ತದೆ ಎನ್ನುವುದಕ್ಕೂ ಇರುವುದೇ ಇಲ್ಲ ಎನ್ನುವುದಕ್ಕೂ ಇರುವ ಅಂತರವೇ ಆ ಪಾಠದ ತಿರುಳು. ಆ ಮಗು ತಪ್ಪನ್ನು ಸರಿಯೆಂದು ನಂಬಿ ಪುಸ್ತಕ ಮುಚ್ಚಿ ಎದ್ದಿತು. ಕೇಳುವವರು ಇರಲಿಲ್ಲ, ಏಕೆಂದರೆ ಕೇಳುವ ಹೊತ್ತು ಬರಲೇ ಇಲ್ಲ.

ಹಿಮ್ಮಾಹಿತಿ ಕೊಡಲು ಕುಳಿತಾಗ ಅವರ ಕೈಯ ವಾಚು ಕಂಡಿತು. ದಪ್ಪನೆಯ ಉಕ್ಕಿನ ವಾಚು, ಗಾಜಿನ ಸುತ್ತ ಅಂಕಿಗಳಿರುವ ಕಪ್ಪು ಬಳೆ. ಗಲ್ಫ್‌ನಲ್ಲಿದ್ದ ಮಾವ ಕೊಟ್ಟದ್ದಂತೆ.

‘ಈ ಬಳೆ ತಿರುಗುತ್ತಾ?’ ಎಂದು ಕೇಳಿದೆ.

‘ತಿರುಗುತ್ತೆ ಸರ್. ಯಾಕೆ ಅಂತ ಗೊತ್ತಿಲ್ಲ. ಸುಮ್ನೆ ಡಿಸೈನ್ ಅಂದ್ಕೊಂಡಿದ್ದೆ.’

ಬಳೆ ಯಾಕಿದೆ, ಹೇಗೆ ಓದಬೇಕು ಎಂದು ಹತ್ತು ನಿಮಿಷ ಮಾತಾಡಿದೆವು. ಎರಡು ದಿನ ಬಿಟ್ಟು ಅದೇ ಪಾಠವನ್ನು ಅವರು ‘ಬಿ’ ವಿಭಾಗಕ್ಕೆ ಮಾಡಿದರು. ಆ ಪಾಠದಲ್ಲಿ ಏನಾಯಿತು ಎಂಬುದನ್ನು ಕೊನೆಯಲ್ಲಿ ಹೇಳುತ್ತೇನೆ. ಮೊದಲು ಬಳೆಯ ವಿಷಯ.

ನೀರಿನೊಳಗಿನವರಿಗೆ ಹುಟ್ಟಿದ ಸಾಧನ

ಇದನ್ನು ಬೆಜೆಲ್ ಎನ್ನುತ್ತಾರೆ. ವಾಚಿನ ಗಾಜನ್ನು ಸುತ್ತುವರಿದ, ಕೈಯಿಂದ ತಿರುಗಿಸಬಹುದಾದ ಬಳೆ. ಅದರ ಮೇಲೆ 60 ನಿಮಿಷಗಳ ಅಳತೆ ಇರುತ್ತದೆ. ಸೊನ್ನೆ ಇರಬೇಕಾದ ಕಡೆ ಒಂದು ತ್ರಿಕೋನ, ಅದರಲ್ಲಿ ಕತ್ತಲಲ್ಲಿ ಹೊಳೆಯುವ ಚುಕ್ಕೆ. ಆಮ್ಲಜನಕದ ತೊಟ್ಟಿಯಲ್ಲ, ಒತ್ತಡದಲ್ಲಿ ತುಂಬಿದ ಗಾಳಿಯ ತೊಟ್ಟಿಯನ್ನು ಬೆನ್ನಿಗೆ ಕಟ್ಟಿಕೊಂಡು ಸಮುದ್ರಕ್ಕೆ ಇಳಿಯುವವರಿಗಾಗಿ ಇದು ಬಂತು. ನಮ್ಮ ಕರಾವಳಿಯಲ್ಲಿ ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಬಳಿ ಹೀಗೆ ಮುಳುಗುವವರನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಗಾಳಿ ಇಂತಿಷ್ಟೇ ಇರುತ್ತದೆ. ಎಷ್ಟು ಆಳದಲ್ಲಿ ಎಷ್ಟು ಹೊತ್ತು ಇರಬಹುದೆಂಬುದಕ್ಕೂ ಮಿತಿ ಇದೆ. ಮೀರಿದರೆ ಪ್ರಾಣಕ್ಕೆ ಅಪಾಯ. ನೀರಿನೊಳಗಿರುವವನಿಗೆ ಈಗ ಗಂಟೆ ಎಷ್ಟು ಎಂಬುದು ಮುಖ್ಯವಲ್ಲ. ಇಳಿದು ಎಷ್ಟು ನಿಮಿಷವಾಯಿತು ಎಂಬುದೇ ಮುಖ್ಯ.

1953ರಲ್ಲಿ ಸ್ವಿಟ್ಜರ್ಲೆಂಡಿನ ಬ್ಲಾಂಕ್‌ಪೈನ್ ಕಂಪನಿಯ ‘ಫಿಫ್ಟಿ ಫ್ಯಾದಮ್ಸ್’ ಬಂತು. ರೋಲೆಕ್ಸ್‌ನ ‘ಸಬ್‌ಮರೀನರ್’ ಕೂಡ ಅದೇ ಕಾಲದ್ದು. ಇಂದು ಮುಳುಗುವವರು ಹೆಚ್ಚಾಗಿ ಕೈಗೆ ಕಟ್ಟುವ ಪುಟ್ಟ ಕಂಪ್ಯೂಟರ್ ನೋಡುತ್ತಾರೆ. ಆದರೆ ಬಳೆ ಉಳಿದುಕೊಂಡಿದೆ. ಡೈವ್ ವಾಚು ಹೇಗಿರಬೇಕೆಂದು ಹೇಳುವ ಅಂತರರಾಷ್ಟ್ರೀಯ ಮಾನಕ ಐಎಸ್‌ಒ 6425 ಕೂಡ ಕಳೆದ ಸಮಯವನ್ನು ಗುರುತಿಸುವ ಇಂಥ ಸಾಧನ ಇರಲೇಬೇಕು, ಅದು ಅರಿವಿಲ್ಲದೆ ತಿರುಗದಂತೆ ರಕ್ಷಣೆ ಇರಬೇಕು ಎನ್ನುತ್ತದೆ.

ಈಗಿನ ಡೈವ್ ವಾಚುಗಳ ಬಳೆ ಸಾಮಾನ್ಯವಾಗಿ ಒಂದೇ ಕಡೆಗೆ, ಗಡಿಯಾರದ ಮುಳ್ಳು ಚಲಿಸುವ ದಿಕ್ಕಿಗೆ ವಿರುದ್ಧವಾಗಿ, ಟಿಕ್ ಟಿಕ್ ಎಂದು ತಿರುಗುತ್ತದೆ. ಒಳಗೆ ಹಲ್ಲುಗಳೂ ಒಂದು ಸ್ಪ್ರಿಂಗೂ ಇವೆ. ಸೈಕಲ್ಲಿನ ಫ್ರೀವೀಲ್ ಒಂದು ಕಡೆಗೆ ಟಿಕ್ಕೆನ್ನುತ್ತಾ ಸುತ್ತಿ ಇನ್ನೊಂದು ಕಡೆಗೆ ಹಿಡಿದುಕೊಳ್ಳುತ್ತದಲ್ಲ, ಅದೇ ತತ್ವ. ಒಂದೇ ಕಡೆ ಯಾಕೆ? ಬಳೆ ಯಾವುದಕ್ಕೋ ತಗುಲಿ ತಿರುಗಿತೆಂದುಕೊಳ್ಳಿ. ಈ ದಿಕ್ಕಿಗೆ ತಿರುಗಿದರೆ ಕಳೆದ ಸಮಯ ನಿಜಕ್ಕಿಂತ ಹೆಚ್ಚು ಕಾಣುತ್ತದೆ. ಮುಳುಗಿದವನು ಬೇಗ ಮೇಲೆ ಬರುತ್ತಾನೆ, ಅಷ್ಟೆ. ಇನ್ನೊಂದು ದಿಕ್ಕಿಗೆ ತಿರುಗಲು ಬಿಟ್ಟಿದ್ದರೆ ಕಡಿಮೆ ಕಾಣುತ್ತಿತ್ತು, ಅವನು ನೀರಿನಲ್ಲೇ ಉಳಿಯುತ್ತಿದ್ದ. ತಪ್ಪಾಗುವುದೇ ಆದರೆ ಅದು ಸುರಕ್ಷಿತ ಕಡೆಗೆ ಆಗಲಿ ಎಂಬ ಯೋಚನೆ ಇದು. ಪಾಠ ಯೋಜನೆ ಮಾಡುವವರೂ ಕಲಿಯಬೇಕಾದ ಯೋಚನೆ.

ಕಳೆದ ಸಮಯವನ್ನು ಮಾತ್ರ ಅಳೆಯುವ ಸಾಧನ ನಮಗೆ ಹೊಸದಲ್ಲ. ಹಿಂದೆ ಮುಹೂರ್ತ ನೋಡಲು ಗಳಿಗೆ ಬಟ್ಟಲು ಇಡುತ್ತಿದ್ದರು. ತಳದಲ್ಲಿ ಸಣ್ಣ ತೂತಿರುವ ಬಟ್ಟಲನ್ನು ನೀರಿನ ಪಾತ್ರೆಯಲ್ಲಿ ತೇಲಿಬಿಟ್ಟರೆ ಅದು ತುಂಬಿ ಮುಳುಗುವ ಹೊತ್ತಿಗೆ ಒಂದು ಗಳಿಗೆ, ಅಂದರೆ 24 ನಿಮಿಷ. ದಿನಕ್ಕೆ 60 ಗಳಿಗೆ. ಬಟ್ಟಲು ಈಗ ಎಷ್ಟು ಹೊತ್ತು ಎಂದು ಹೇಳುತ್ತಿರಲಿಲ್ಲ. ಬಿಟ್ಟ ಮೇಲೆ ಎಷ್ಟು ಹೊತ್ತಾಯಿತು ಎಂದು ಹೇಳುತ್ತಿತ್ತು. ಬೆಜೆಲ್ ಮಾಡುವುದೂ ಇಷ್ಟೇ ಕೆಲಸ.

ಓದುವ ಎರಡು ಕ್ರಮ

ಮೊದಲನೆಯದು, ಆರಂಭವನ್ನು ಗುರುತಿಸುವುದು. ಪಾಠ ಶುರುವಾಗುವ ಕ್ಷಣದಲ್ಲಿ ಬಳೆಯ ತ್ರಿಕೋನವನ್ನು ನಿಮಿಷದ ಮುಳ್ಳಿನ ಎದುರಿಗೆ ತನ್ನಿ. ಆಮೇಲೆ ನಿಮಿಷದ ಮುಳ್ಳು ಬಳೆಯ ಮೇಲೆ ಯಾವ ಅಂಕಿಯನ್ನು ತೋರಿಸುತ್ತದೋ ಅಷ್ಟು ನಿಮಿಷ ಕಳೆದಿದೆ. 11 ಗಂಟೆ 13 ನಿಮಿಷಕ್ಕೆ ಶುರು ಮಾಡಿದ್ದೀರಿ, ಈಗ 11.38. ಮನಸ್ಸಿನಲ್ಲಿ 38ರಿಂದ 13 ಕಳೆಯಬೇಕಿಲ್ಲ. ಮುಳ್ಳು ನೇರವಾಗಿ 25ನ್ನು ತೋರಿಸುತ್ತಿರುತ್ತದೆ. ಚಿಕ್ಕ ಲೆಕ್ಕವೇ, ನಿಜ. ಆದರೆ ಒಬ್ಬ ಹುಡುಗ ಅನಿರೀಕ್ಷಿತ ಪ್ರಶ್ನೆ ಕೇಳಿದಾಗ, ಇನ್ನಿಬ್ಬರು ಹಿಂದೆ ಮಾತಾಡುತ್ತಿರುವಾಗ, ಆ ಚಿಕ್ಕ ಲೆಕ್ಕವೂ ತಪ್ಪುತ್ತದೆ. ಶುರು ಮಾಡಿದ್ದು ಎಷ್ಟಕ್ಕೆ ಎಂಬುದೇ ಮರೆತುಹೋಗುತ್ತದೆ. ಬಳೆ ಅದನ್ನು ನೆನಪಿಟ್ಟುಕೊಳ್ಳುತ್ತದೆ.

ಎರಡನೆಯದು, ಅಂತ್ಯವನ್ನು ಗುರುತಿಸುವುದು. ಮಕ್ಕಳು ಆಟದ ಅವಧಿ ಮುಗಿಸಿ ಬರುವುದು ತಡವಾಗುತ್ತದೆ, ಹಿಂದಿನ ಶಿಕ್ಷಕರು ಐದು ನಿಮಿಷ ಹೆಚ್ಚು ತೆಗೆದುಕೊಂಡಿರುತ್ತಾರೆ. ಆಗ ಆರಂಭಕ್ಕಿಂತ ಗಂಟೆ ಬಾರಿಸುವ ಹೊತ್ತೇ ಖಚಿತ. ಅವಧಿ 11.50ಕ್ಕೆ ಮುಗಿಯುವುದಾದರೆ ತ್ರಿಕೋನವನ್ನು 50ನೆಯ ನಿಮಿಷದ ಎದುರಿಗೆ ಇಡಿ. ನಿಮಿಷದ ಮುಳ್ಳಿನಿಂದ ತ್ರಿಕೋನದವರೆಗೆ ಇರುವ ಜಾಗವೇ ಉಳಿದ ಸಮಯ. ನೀವು ತರಗತಿಗೆ ಹೋದದ್ದು 11.18ಕ್ಕೆ ಎಂದರೆ ಮುಳ್ಳು ಬಳೆಯ ಮೇಲೆ 28ನ್ನು ತೋರಿಸುತ್ತದೆ. 60ರಿಂದ 28 ಕಳೆದರೆ 32 ನಿಮಿಷ ಉಳಿದಿದೆ. ಲೆಕ್ಕ ಮಾಡದಿದ್ದರೂ ಆದೀತು, ಜಾಗ ಕಿರಿದಾಗುತ್ತಿರುವುದು ಕಣ್ಣಿಗೆ ಕಾಣುತ್ತದೆ.

ಯಾವ ದಿನ ಯಾವ ಕ್ರಮ ಎಂಬುದನ್ನು ಬಾಗಿಲಲ್ಲೇ ನಿರ್ಧರಿಸಿಕೊಳ್ಳಿ. ಪಾಠದ ನಡುವೆ ಬದಲಿಸಿದರೆ ಗೊಂದಲವಾಗುತ್ತದೆ.

ಪಾಠ ಯೋಜನೆಯನ್ನು ಬಳೆಗೆ ಹೊಂದಿಸುವುದು

ಅನೇಕ ವಾಚುಗಳಲ್ಲಿ ಮೊದಲ 15 ಅಥವಾ 20 ನಿಮಿಷಕ್ಕೆ ಮಾತ್ರ ಒಂದೊಂದು ನಿಮಿಷದ ಗೆರೆ ಇರುತ್ತದೆ. ಆಮೇಲೆ ಐದೈದು ನಿಮಿಷಕ್ಕೊಂದು ಗುರುತು. ಆದ್ದರಿಂದ ಪಾಠದ ಹಂತಗಳನ್ನೂ ಐದರ ಗುಣಕಗಳಲ್ಲಿ ಇಟ್ಟುಕೊಳ್ಳುವುದು ಅನುಕೂಲ. ನಾವು ಬಳಸುವ 5ಇ ಮಾದರಿಯ ಪಾಠ ಯೋಜನೆಗೆ 40 ನಿಮಿಷವನ್ನು ಹೀಗೆ ಹಂಚಬಹುದು:

ತೊಡಗಿಸುವಿಕೆ: ಸೊನ್ನೆಯಿಂದ 5ರವರೆಗೆ.
ಅನ್ವೇಷಣೆ: 5ರಿಂದ 15ರವರೆಗೆ.
ವಿವರಣೆ: 15ರಿಂದ 25ರವರೆಗೆ.
ವಿಸ್ತರಣೆ: 25ರಿಂದ 30ರವರೆಗೆ.
ಮೌಲ್ಯಮಾಪನ ಮತ್ತು ಮನೆಗೆಲಸ: 30ರಿಂದ 40ರವರೆಗೆ.

ಈ ಅಂಕಿಗಳು ಎಲ್ಲ ಪಾಠಕ್ಕೂ ಒಂದೇ ಆಗಿರಬೇಕಿಲ್ಲ. ಪದ್ಯ ಪಾಠಕ್ಕೆ ಬೇರೆ, ಪ್ರಯೋಗ ಪಾಠಕ್ಕೆ ಬೇರೆ. ಆದರೆ ಅಂಚಿನಲ್ಲಿ ಇಂತಿಷ್ಟು ನಿಮಿಷ ಎಂದು ಬರೆಯುವ ಬದಲು ಯಾವ ಅಂಕಿಗೆ ಮುಗಿಯಬೇಕು ಎಂದು ಬರೆಯಿರಿ. ‘ವಿವರಣೆ, 10 ನಿಮಿಷ’ ಎಂಬುದು ತರಗತಿಯಲ್ಲಿ ನೆರವಿಗೆ ಬರುವುದಿಲ್ಲ. ‘ವಿವರಣೆ, 25ಕ್ಕೆ ಮುಗಿಯಬೇಕು’ ಎಂಬುದು ಬರುತ್ತದೆ, ಏಕೆಂದರೆ ಅದೇ 25 ಕೈಯ ಮೇಲೂ ಇದೆ.

ಎಲ್ಲ ಅಂಕಿಗಳನ್ನು ನೆನಪಿಡಲು ಆಗದಿದ್ದರೆ ಒಂದೇ ಒಂದನ್ನು ನೆನಪಿಡಿ: 30. ಮುಳ್ಳು ಅಲ್ಲಿಗೆ ಬಂದಾಗ ಯಾವ ಹಂತದಲ್ಲಿದ್ದರೂ ನಿಲ್ಲಿಸಿ, ಮಕ್ಕಳಿಗೆ ಏನು ಅರ್ಥವಾಗಿದೆ ಎಂದು ಕೇಳಿ. ಒಂದು ಚಟುವಟಿಕೆ ಉಳಿದರೆ ನಾಳೆ ಮಾಡಬಹುದು. ತಪ್ಪು ತಿಳಿವಳಿಕೆ ಉಳಿದರೆ ಅದು ಉಳಿದಿದೆ ಎಂಬುದೇ ನಮಗೆ ತಿಳಿಯುವುದಿಲ್ಲ.

ಗುಂಪು ಕೆಲಸಕ್ಕೂ ಇದು ಒದಗುತ್ತದೆ. ‘ಐದು ನಿಮಿಷ ಕೊಟ್ಟಿದ್ದೇನೆ’ ಎಂದು ಹೇಳಿ ಹನ್ನೆರಡು ನಿಮಿಷ ಬಿಟ್ಟರೆ ಮಕ್ಕಳು ನಮ್ಮ ಮಾತಿನ ಬೆಲೆಯನ್ನು ಬೇಗ ಅಳೆದುಬಿಡುತ್ತಾರೆ. ಮುಂದಿನ ಸಲ ಐದು ಎಂದರೆ ಯಾರೂ ಅವಸರಪಡುವುದಿಲ್ಲ. ಗುಂಪು ಕೆಲಸ ಶುರುವಾದಾಗ ಮುಳ್ಳು ಬಳೆಯ ಮೇಲೆ 5ರಲ್ಲಿದ್ದರೆ 10ಕ್ಕೆ ನಿಲ್ಲಿಸಿ. ಬಳೆಯನ್ನು ಮತ್ತೆ ತಿರುಗಿಸಬೇಡಿ, ತಿರುಗಿಸಿದರೆ ಇಡೀ ಪಾಠದ ಲೆಕ್ಕ ತಪ್ಪುತ್ತದೆ.

ಮೊಬೈಲಿನಲ್ಲಿ ಟೈಮರ್ ಇದೆಯಲ್ಲ ಎಂದು ಕೇಳುವವರಿದ್ದಾರೆ. ಇದೆ. ಆದರೆ ತರಗತಿಯಲ್ಲಿ ಮೊಬೈಲ್ ಹೊರತೆಗೆಯಬಾರದೆಂದು ಮಕ್ಕಳಿಗೂ ನಮಗೂ ಹೇಳುವ ಶಾಲೆಗಳೇ ಹೆಚ್ಚು. ಅಲ್ಲದೆ ಶಿಕ್ಷಕರು ಮೊಬೈಲ್ ನೋಡಿದರೆ ಸಮಯ ನೋಡಿದರೋ ಸಂದೇಶ ನೋಡಿದರೋ ಎಂದು ಮಗುವಿಗೆ ಗೊತ್ತಾಗುವುದಿಲ್ಲ. ಬಳೆ ಸದ್ದು ಮಾಡುವುದಿಲ್ಲ, ಬೆಳಗುವುದಿಲ್ಲ, ಯಾರ ಗಮನವನ್ನೂ ಸೆಳೆಯುವುದಿಲ್ಲ.

ಅಣುಬೋಧನೆಯ 36 ನಿಮಿಷ

1960ರ ದಶಕದಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಡ್ವೈಟ್ ಆಲನ್ ಮತ್ತು ಸಹೋದ್ಯೋಗಿಗಳು ರೂಪಿಸಿದ ಅಣುಬೋಧನೆಯನ್ನು ನಮ್ಮಲ್ಲಿ ಎನ್‌ಸಿಇಆರ್‌ಟಿ ಭಾರತೀಯ ಮಾದರಿಯಾಗಿ ಹೊಂದಿಸಿತು. ಅದರ ಚಕ್ರ ಎಲ್ಲರಿಗೂ ಗೊತ್ತಿರುವುದೇ: ಬೋಧನೆ 6 ನಿಮಿಷ, ಹಿಮ್ಮಾಹಿತಿ 6, ಮರುಯೋಜನೆ 12, ಮರುಬೋಧನೆ 6, ಮರುಹಿಮ್ಮಾಹಿತಿ 6. ಒಟ್ಟು 36 ನಿಮಿಷ.

ಪುಸ್ತಕದಲ್ಲಿ ಇದು ಅಚ್ಚುಕಟ್ಟು. ನಡೆಸುವಾಗ ಹಿಮ್ಮಾಹಿತಿಯೇ ಹದಿನೈದು ನಿಮಿಷ ಹಿಗ್ಗುತ್ತದೆ, ಮರುಬೋಧನೆ ನಾಳೆಗೆ ಹೋಗುತ್ತದೆ, ಕೆಲವೊಮ್ಮೆ ನಾಳೆ ಬರುವುದೇ ಇಲ್ಲ. ಕೌಶಲ್ಯ ಬಲಿಯುವುದು ಮರುಬೋಧನೆಯಲ್ಲಿ. ಅದೇ ಬಿಟ್ಟುಹೋದರೆ ಉಳಿಯುವುದು ಟೀಕೆ ಮಾತ್ರ.

ಇಲ್ಲಿ ಬಳೆಯನ್ನು ಒಂದೇ ಸಲ ಇಟ್ಟರೆ ಸಾಕು. ತ್ರಿಕೋನವನ್ನು ಆರಂಭದ ನಿಮಿಷಕ್ಕೆ ಇಡಿ. ಮುಳ್ಳು 6ಕ್ಕೆ ಬಂದಾಗ ಬೋಧನೆ ನಿಲ್ಲಬೇಕು. 12ಕ್ಕೆ ಹಿಮ್ಮಾಹಿತಿ ಮುಗಿಯಬೇಕು. 24ಕ್ಕೆ ಮರುಯೋಜನೆ, 30ಕ್ಕೆ ಮರುಬೋಧನೆ, 36ಕ್ಕೆ ಎಲ್ಲವೂ ಮುಗಿಯಬೇಕು. ಆರು, ಹನ್ನೆರಡು, ಇಪ್ಪತ್ತನಾಲ್ಕು, ಮೂವತ್ತು, ಮೂವತ್ತಾರು. ಈ ಐದು ಅಂಕಿಗಳನ್ನು ಕಪ್ಪುಹಲಗೆಯ ಮೂಲೆಯಲ್ಲಿ ಬರೆದು, ವಾಚು ಇರುವ ಸಹಪಾಠಿಯೊಬ್ಬರನ್ನು ಸಮಯಪಾಲಕರಾಗಿ ಕೂರಿಸಿ. ಅವರು ಕೈ ಎತ್ತಿದಾಗ ವಾಕ್ಯದ ನಡುವೆಯಿದ್ದರೂ ನಿಲ್ಲಿಸಬೇಕೆಂದು ಮೊದಲೇ ಒಪ್ಪಿಕೊಳ್ಳಿ. ನಿಲ್ಲಿಸಬೇಕಾದವರಲ್ಲಿ ಮೇಲ್ವಿಚಾರಕರೂ ಸೇರಿದ್ದಾರೆ. ನನ್ನನ್ನೇ ಎರಡು ಸಲ ನಿಲ್ಲಿಸಿದ್ದಾರೆ.

ಅವಲೋಕಿಸುವವರಿಗೆ

ಮಾರ್ಗದರ್ಶಕ ಶಿಕ್ಷಕರಿಗೂ ಸಹಪಾಠಿ ಅವಲೋಕನ ಮಾಡುವವರಿಗೂ ಇದೇ ಬಳೆ ಉಪಯುಕ್ತ. ಫ್ಲ್ಯಾಂಡರ್ಸ್‌ನ ಅಂತರಕ್ರಿಯಾ ವಿಶ್ಲೇಷಣೆಯಲ್ಲಿ ತರಗತಿಯ ಮಾತನ್ನು ಹತ್ತು ವರ್ಗಗಳಾಗಿ ವಿಂಗಡಿಸಿ ಪ್ರತಿ ಮೂರು ಸೆಕೆಂಡಿಗೊಮ್ಮೆ ದಾಖಲಿಸಬೇಕು. ತರಬೇತಿ ಇಲ್ಲದೆ ಅದು ಕಷ್ಟ. ಅದರ ಬದಲು ಸರಳವಾದದ್ದೊಂದನ್ನು ಮಾಡಬಹುದು. ಪಾಠ ಶುರುವಾದಾಗ ತ್ರಿಕೋನವನ್ನು ಮುಳ್ಳಿಗೆ ಹೊಂದಿಸಿ, ಮುಳ್ಳು ಬಳೆಯ ಪ್ರತಿ ಐದರ ಗುರುತಿಗೆ ಬಂದಾಗ ಆ ಕ್ಷಣ ಮಾತಾಡುತ್ತಿರುವವರು ಯಾರು ಎಂದಷ್ಟೇ ಬರೆಯಿರಿ: ಶಿಕ್ಷಕ, ವಿದ್ಯಾರ್ಥಿ, ಮೌನ, ಗುಂಪು ಕೆಲಸ. 40 ನಿಮಿಷಕ್ಕೆ ಎಂಟು ದಾಖಲೆ. ಎಂಟರಲ್ಲಿ ಎಂಟೂ ‘ಶಿಕ್ಷಕ’ ಎಂದಿದ್ದರೆ ಬೇರೆ ಹಿಮ್ಮಾಹಿತಿ ಬೇಡ. ಹಾಳೆಯನ್ನು ಅವರ ಮುಂದಿಟ್ಟರೆ ಸಾಕು. ಎಂಟು ದಾಖಲೆಯಿಂದ ಶೇಕಡಾವಾರು ಲೆಕ್ಕ ಹಾಕಿ ತೀರ್ಪು ಕೊಡಬಾರದು, ಅದು ತೀರ ಕಡಿಮೆ. ಮಾತುಕತೆ ಶುರು ಮಾಡಲು ಮಾತ್ರ ಅದು ಸಾಕು.

ತರಗತಿಯ ಹೊರಗೆ

ನಿತ್ಯದ ಬಳಕೆ ಅಭ್ಯಾಸವಾದರೆ ತರಗತಿಯಲ್ಲಿ ತಡವರಿಸುವುದಿಲ್ಲ. ಅಕ್ಕಿ ನೆನೆಹಾಕಿದ ಹೊತ್ತು, ಕುಕ್ಕರಿನ ಉರಿ ಸಣ್ಣ ಮಾಡಿದ ಹೊತ್ತು, ವಾಕಿಂಗ್ ಹೊರಟ ಹೊತ್ತು, ಇವನ್ನೆಲ್ಲ ಬಳೆಯಲ್ಲಿ ಗುರುತಿಸಬಹುದು.

ಒಂದು ಗಂಟೆಗಿಂತ ಹೆಚ್ಚಿನದಕ್ಕೆ ತ್ರಿಕೋನವನ್ನು ಗಂಟೆಯ ಮುಳ್ಳಿಗೆ ಹೊಂದಿಸಬೇಕು. ಆಗ ಬಳೆಯ ಐದು ಗುರುತು ಒಂದು ಗಂಟೆಗೆ ಸಮ. ಆರು ಗಂಟೆಗೊಮ್ಮೆ ಕೊಡಬೇಕಾದ ಔಷಧಿ ಕೊಟ್ಟಾಗ ಹೀಗೆ ಇಟ್ಟರೆ, ಗಂಟೆಯ ಮುಳ್ಳು ಬಳೆಯ 30ಕ್ಕೆ ಬಂದಾಗ ಮುಂದಿನ ಸಲದ ಹೊತ್ತು. ಭದ್ರಾವತಿ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆಯ ಊರು, ಹಿಂದೆ ಕಾಗದದ ಕಾರ್ಖಾನೆಯೂ ನಡೆಯುತ್ತಿದ್ದ ಊರು. ಪಾಳಿ ಎಂದರೇನೆಂದು ಅಲ್ಲಿನ ಮಕ್ಕಳಿಗೆ ಬಿಡಿಸಿ ಹೇಳಬೇಕಿಲ್ಲ. ಎಂಟು ಗಂಟೆಯ ಪಾಳಿ ಬಳೆಯ ಮೇಲೆ ಎಲ್ಲಿಗೆ ಮುಗಿಯುತ್ತದೆ ಎಂದು ಕೇಳಿ ನೋಡಿ. ಎಂಟೈದಲೆ ನಲವತ್ತು ಎನ್ನುತ್ತಾರೆ.

ಮನೆಯವರು ದುಬೈಯಲ್ಲಿದ್ದರೆ ಅಲ್ಲಿನ ಸಮಯವನ್ನೂ ಓದಬಹುದು. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ. ತ್ರಿಕೋನವನ್ನು ಮುಖದ ಮೇಲೆ 1 ಮತ್ತು 2ರ ನಡುಮಧ್ಯಕ್ಕೆ ಇಟ್ಟುಬಿಡಿ. ಇಲ್ಲಿ 9 ಗಂಟೆಯಾದಾಗ ಗಂಟೆಯ ಮುಳ್ಳು ಬಳೆಯ ಮೇಲೆ 35 ಮತ್ತು 40ರ ನಡುಮಧ್ಯದಲ್ಲಿರುತ್ತದೆ. ಐದರಿಂದ ಭಾಗಿಸಿದರೆ ಏಳೂವರೆ. ಅಲ್ಲಿ ಏಳೂವರೆ ಗಂಟೆ.

ಶಿವಮೊಗ್ಗದಿಂದ ಭದ್ರಾವತಿಗೆ ಸುಮಾರು 20 ಕಿ.ಮೀ. ಬಸ್ಸು ಹೊರಟಾಗ ಬಳೆ ತಿರುಗಿಸಿ, ಇಳಿಯುವಾಗ ಮುಳ್ಳು 40ರಲ್ಲಿದ್ದರೆ ಸರಾಸರಿ ಜವ ಗಂಟೆಗೆ 30 ಕಿ.ಮೀ. ವಿಜ್ಞಾನದ ‘ಚಲನೆ’ ಪಾಠಕ್ಕೆ ನಿಮ್ಮದೇ ಪ್ರಯಾಣದ ಅಂಕಿಗಳು ಸಿಕ್ಕಂತಾಯಿತು.

ಇಂಥ ವಾಚು ಇಲ್ಲದಿದ್ದರೆ

ಇದಕ್ಕಾಗಿ ಯಾರೂ ವಾಚು ಕೊಳ್ಳಬೇಕಿಲ್ಲ. ನಮ್ಮ ಹಿಂದಿನ ತಲೆಮಾರಿನ ಮೇಷ್ಟ್ರುಗಳ ಕೈಯಲ್ಲಿ ಇದ್ದದ್ದು ಹೆಚ್ಚಾಗಿ ಎಚ್‌ಎಂಟಿ. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ತಯಾರಿಕೆ ಶುರುವಾದ ಸರಳ ವಾಚು. ಅವರು ಅದನ್ನು ಬಿಚ್ಚಿ ಮೇಜಿನ ಮೇಲಿಟ್ಟು ಪಾಠ ಮಾಡುತ್ತಿದ್ದರು. ಅದೂ ಒಂದು ಕ್ರಮವೇ.

ತರಗತಿಯ ಗೋಡೆ ಗಡಿಯಾರಕ್ಕೇ ಒಂದು ಬಳೆ ಮಾಡಬಹುದು. ಗಡಿಯಾರದ ಅಗಲ 25 ಸೆಂ.ಮೀ. ಇದ್ದರೆ ಒಳವ್ಯಾಸ 26 ಸೆಂ.ಮೀ. ಇರುವಂತೆ ದಪ್ಪ ರಟ್ಟಿನ ಬಳೆ ಕತ್ತರಿಸಿ. ಕೋನಮಾಪಕದಿಂದ 6 ಡಿಗ್ರಿಗೊಂದು ಗೆರೆ ಎಳೆಯಿರಿ, 360ನ್ನು 60ರಿಂದ ಭಾಗಿಸಿದರೆ ಬರುವುದು ಅದೇ. ಒಳ ಅಂಚಿನಲ್ಲಿ ಎರಡು ಗೆರೆಗಳ ನಡುವೆ ಸುಮಾರು 1.4 ಸೆಂ.ಮೀ. ಬರುತ್ತದೆ. ಸೊನ್ನೆಗೆ ಕೆಂಪು ತ್ರಿಕೋನ, ಆಮೇಲೆ 5, 10, 15 ಎಂದು 55ರವರೆಗೆ ಅಂಕಿಗಳು. ಗಡಿಯಾರದ ಹಿಂದೆ ಬಳೆಗಿಂತ ದೊಡ್ಡದಾದ ರಟ್ಟಿನ ಹಾಳೆಯನ್ನು ಗೋಡೆಗೆ ಅಂಟಿಸಿ. ಬಳೆಯನ್ನು ಗಡಿಯಾರದ ಸುತ್ತ ಕೂರಿಸಿ, ಮುಂದಕ್ಕೆ ಬೀಳದಂತೆ ನಾಲ್ಕು ಮೂಲೆಗಳಲ್ಲಿ ರಟ್ಟಿನ ಪಟ್ಟಿಗಳನ್ನು ಮಡಿಚಿ ಅಂಟಿಸಿ. ಕೈಗೆಟಕುವ ಎತ್ತರದಲ್ಲಿರಲಿ.

ಇದರ ದೊಡ್ಡ ಲಾಭವೆಂದರೆ ಮಕ್ಕಳಿಗೂ ಕಾಣುತ್ತದೆ. ಅವಧಿಯ ಆರಂಭದಲ್ಲಿ ಒಬ್ಬ ವಿದ್ಯಾರ್ಥಿ ತ್ರಿಕೋನ ಇಡಲಿ. ಗಣಿತಕ್ಕೂ ಇದು ಬೋಧನೋಪಕರಣವಾಗುತ್ತದೆ. 11.45ಕ್ಕೆ 25 ನಿಮಿಷ ಸೇರಿಸಿದರೆ 11.70 ಎಂದು ಬರೆಯುವ ಮಕ್ಕಳಿದ್ದಾರೆ. ತ್ರಿಕೋನವನ್ನು 45ಕ್ಕೆ ಇಟ್ಟು ಬಳೆಯ 25ರ ಎದುರು ಗಡಿಯಾರದಲ್ಲಿ ಏನಿದೆ ನೋಡಿ ಎಂದರೆ 10 ಕಾಣುತ್ತದೆ. ಗಂಟೆ ದಾಟಿತು ಎಂಬುದನ್ನು ಅವರೇ ಕಂಡುಕೊಳ್ಳುತ್ತಾರೆ.

ಮಿತಿಗಳು

ಮೊದಲನೆಯದಾಗಿ, ವಾಚಿನ ಸುತ್ತ ಅಂಕಿಗಳಿದ್ದ ಮಾತ್ರಕ್ಕೆ ಅದು ಈ ಬಳೆಯಲ್ಲ. ಕೆಲವು ವಾಚುಗಳಲ್ಲಿ 500, 400 ಎಂದು ಶುರುವಾಗಿ 60ಕ್ಕೆ ಇಳಿಯುವ ಅಳತೆ ಇರುತ್ತದೆ. ಅದು ಜವ ಅಳೆಯುವ ಟ್ಯಾಕಿಮೀಟರ್. ಇನ್ನು ಕೆಲವದರಲ್ಲಿ ಬಳೆ ಬರೀ ಅಲಂಕಾರ, ತಿರುಗುವುದಿಲ್ಲ.

ಎರಡನೆಯದಾಗಿ, ಬಳೆ ನಿಮಿಷಗಳ ಸಾಧನ, ಸೆಕೆಂಡುಗಳದ್ದಲ್ಲ. ಪ್ರಶ್ನೆ ಕೇಳಿದ ಮೇಲೆ ಕಾಯುವ ಸಮಯದ ಬಗ್ಗೆ ಮೇರಿ ಬಡ್ ರೋ ಅವರ ಅಧ್ಯಯನ ಪ್ರಸಿದ್ಧ. ಶಿಕ್ಷಕರು ಸಾಮಾನ್ಯವಾಗಿ ಒಂದು ಸೆಕೆಂಡಿನಷ್ಟೇ ಕಾಯುತ್ತಾರೆ, ಮೂರು ಸೆಕೆಂಡು ಕಾದರೆ ಉತ್ತರಗಳು ದೀರ್ಘವೂ ಉತ್ತಮವೂ ಆಗುತ್ತವೆ ಎಂದು ಅವರು ತೋರಿಸಿದರು. ಆ ಮೂರು ಸೆಕೆಂಡನ್ನು ವಾಚು ನೋಡಿ ಅಳೆಯಬಾರದು. ಮಗುವಿನ ಮುಖ ನೋಡಿ ಕಾಯಬೇಕು.

ಮೂರನೆಯದಾಗಿ, ಗಂಟೆಯ ಮುಳ್ಳನ್ನು ಸೂರ್ಯನ ಕಡೆ ತಿರುಗಿಸಿ ದಕ್ಷಿಣ ದಿಕ್ಕನ್ನು ಕಂಡುಹಿಡಿದು ಬಳೆಯಲ್ಲಿ ಗುರುತಿಡುವ ಉಪಾಯವನ್ನು ಸ್ಕೌಟ್ ಶಿಬಿರಗಳಲ್ಲಿ ಕೇಳಿರಬಹುದು. ಅದು ಹೆಚ್ಚಿನ ಅಕ್ಷಾಂಶದ ದೇಶಗಳಿಗೆ ಸರಿ. ಶಿವಮೊಗ್ಗ ಸುಮಾರು 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಮ್ಮ ನಡುಮಧ್ಯಾಹ್ನದ ಸೂರ್ಯ ನೆತ್ತಿಯ ಉತ್ತರಕ್ಕಿರುತ್ತಾನೆ. ಆಗ ಈ ಉಪಾಯ ದಾರಿ ತಪ್ಪಿಸುತ್ತದೆ. ಮಕ್ಕಳನ್ನು ಹೊರಸಂಚಾರಕ್ಕೆ ಕರೆದೊಯ್ಯುವಾಗ ದಿಕ್ಸೂಚಿಯೇ ಇರಲಿ.

ಕೊನೆಯದಾಗಿ, ಪದೇ ಪದೇ ವಾಚು ನೋಡುವ ಶಿಕ್ಷಕರು ಪಾಠ ಮುಗಿಯಲೆಂದು ಕಾಯುತ್ತಿರುವಂತೆ ಕಾಣುತ್ತಾರೆ. 40 ನಿಮಿಷಕ್ಕೆ ನಾಲ್ಕೈದು ನೋಟ ಸಾಕು. ಕಪ್ಪುಹಲಗೆಯಲ್ಲಿ ಬರೆಯುವಾಗ ಮಣಿಕಟ್ಟು ಹೇಗೂ ಕಣ್ಣಿನ ಮುಂದೆ ಬರುತ್ತದೆ, ಆಗ ನೋಡಿ.

‘ಬಿ’ ವಿಭಾಗದಲ್ಲಿ

ಎರಡನೆಯ ಪಾಠದ ದಿನ ಆ ಪ್ರಶಿಕ್ಷಣಾರ್ಥಿ ಬಾಗಿಲಲ್ಲಿ ನಿಂತು ಬಳೆ ತಿರುಗಿಸಿಕೊಂಡು ಒಳಗೆ ಹೋದರು. ಪೀಠಿಕೆ ಆರು ನಿಮಿಷಕ್ಕೆ ಮುಗಿಯಿತು. ನಡುವೆ ಕಪ್ಪುಹಲಗೆ ಒರೆಸುವಾಗ ಬಳೆ ಡಸ್ಟರಿಗೆ ತಗುಲಿ ಎರಡು ಮೂರು ಟಿಕ್ ತಿರುಗಿತಂತೆ. ಅವರಿಗೆ ಗೊತ್ತಾಗಲಿಲ್ಲ. ಅದರಿಂದ ಆದದ್ದಿಷ್ಟೇ, ನಿಜವಾದ 30 ನಿಮಿಷಕ್ಕಿಂತ ಸ್ವಲ್ಪ ಮೊದಲೇ ಅವರ ಮುಳ್ಳು 30ಕ್ಕೆ ಬಂತು. ತಪ್ಪು ಸುರಕ್ಷಿತ ಕಡೆಗೇ ಆಯಿತು.

ಮೂರನೆಯ ಚಟುವಟಿಕೆಗೆ ತಂದಿದ್ದ ಗೋಲಿಗಳನ್ನು ಮೇಜಿನ ಮೇಲೆಯೇ ಬಿಟ್ಟು ಅವರು ಮೌಲ್ಯಮಾಪನಕ್ಕೆ ಬಂದರು. ಅದು ಅವರಿಗೆ ಕಷ್ಟವಾಯಿತು, ಮುಖದಲ್ಲೇ ಕಾಣುತ್ತಿತ್ತು. ‘ಗಾಜಿನ ಮೇಲೆ ಘರ್ಷಣೆ ಇದೆಯೋ ಇಲ್ಲವೋ? ಇಲ್ಲ ಅನ್ನುವವರು ಕೈ ಎತ್ತಿ’ ಎಂದರು. ಒಂಬತ್ತು ಕೈಗಳು ಮೇಲೆದ್ದವು. ಪಾಠ ಮಾಡಿದವರೂ ನಾನೂ ಒಬ್ಬರನ್ನೊಬ್ಬರು ನೋಡಿಕೊಂಡೆವು. ಉಳಿದ ಹೊತ್ತು ಆ ಒಂಬತ್ತು ಕೈಗಳಿಗೆ ಹೋಯಿತು. ಗಾಜಿನ ಮೇಲೆ ಸ್ಪ್ರಿಂಗ್ ತಕ್ಕಡಿಯಿಂದ ಮರದ ತುಂಡನ್ನು ಮತ್ತೊಮ್ಮೆ ಎಳೆಸಿದರು. ಮುಳ್ಳು ಸೊನ್ನೆಯಲ್ಲಿ ನಿಲ್ಲಲಿಲ್ಲ ಎಂದು ಮಕ್ಕಳೇ ಓದಿ ಹೇಳಿದರು.

ಬಸ್ಸಿಗೆ ಹೋಗುವ ದಾರಿಯಲ್ಲಿ ಅವರು, ‘ಸರ್, ಹಾಗಾದ್ರೆ ಎ ಸೆಕ್ಷನ್‌ನಲ್ಲೂ ಅಷ್ಟೇ ಜನ ಇದ್ದಿರಬೇಕು ಅಲ್ವಾ?’ ಎಂದರು.

‘ಇದ್ದಿರಬೇಕು’ ಎಂದೆ. ಹಿಂದಿನ ಬೆಂಚಿನ ಪುಸ್ತಕದ ವಾಕ್ಯವನ್ನು ಆಗ ಹೇಳಿದೆ. ಮರುದಿನ ಅವರು ಮುಖ್ಯೋಪಾಧ್ಯಾಯರ ಅನುಮತಿ ಕೇಳಿ, ‘ಎ’ ವಿಭಾಗಕ್ಕೆ ಹತ್ತು ನಿಮಿಷ ಹೋಗಿ ಬಂದರು. ಬಳೆ ತಿರುಗಿಸಿಕೊಂಡೇ ಹೋಗಿದ್ದರು.